ಮುಂದೆ ಅಂಗಡಿ, ಹಿಂದೆ ಮನೆ: ಹಳೆಯ ಬೆಂಗಳೂರಿನ ವ್ಯಾಪಾರ ಕಟ್ಟಡಗಳು

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಮುಖ್ಯ ಬೀದಿಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವ ಒಂದು, ಎರಡಂತಸ್ತಿನ ಅಂಗಡಿ ಕಟ್ಟಡಗಳಲ್ಲಿ ಬಹುಪಾಲು ಅಂಗಡಿಯೆಂದು ಕಟ್ಟಿದವಲ್ಲ, ಮನೆಯೆಂದು ಕಟ್ಟಿದವು. ಬೀದಿಬದಿಯ ಕೋಣೆ ದಿನಸಿ ಅಂಗಡಿಯಾಯಿತು, ಅಂಗಳಕ್ಕೆ ಸೂರು ಹಾಕಿ ಹೋಟೆಲು ಮಾಡಿದರು, ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಬಂತು, ಕಾರ್ ಷೆಡ್ಡಿನಲ್ಲಿ ಜೆರಾಕ್ಸ್ ಯಂತ್ರ ಕೂತಿತು. 19ನೇ ಶತಮಾನದ ಕೊನೆಯಿಂದ ಇಲ್ಲಿಯವರೆಗೆ ಈ ಕಟ್ಟಡಗಳು ಬದಲಾಗಿರುವುದೆಲ್ಲ ಹೆಚ್ಚಾಗಿ ಮುಂಭಾಗದ ಹತ್ತು ಹದಿನೈದು ಅಡಿಯಲ್ಲಿ. ಅದನ್ನು ದಾಟಿ ಒಳಗೆ ಹೋದರೆ ಸಿಗುವುದು ಅಜ್ಜನ ಕಾಲದ ಗೋಡೆ, ಅಜ್ಜನ ಕಾಲದ ತೊಲೆ.

ಇವಕ್ಕೆ ಹೋಲಿಸಿ ನೋಡಬೇಕಾದದ್ದು ಪೇಟೆಯ ಅಂಗಡಿಗಳನ್ನು. ಒಂದನೆಯ ಕೆಂಪೇಗೌಡ 1537ರಲ್ಲಿ ಕಟ್ಟಿಸಿದನೆಂದು ಹೇಳುವ ಪೇಟೆಯಲ್ಲಿ ವ್ಯಾಪಾರವೇ ಬೀದಿಯ ಹೆಸರು: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಇಲ್ಲಿನ ಕಟ್ಟಡಗಳಿಗೆ ಬೀದಿಯ ಕಡೆ ಅಗಲ ಕಡಿಮೆ, ಒಳಕ್ಕೆ ಉದ್ದ ಹೆಚ್ಚು. ಮುಂದೆ ಜಗಲಿ, ಜಗಲಿಯ ಮೇಲೆ ಗಾದಿ ಹಾಸಿ ಕೂತ ಸಾಹುಕಾರ, ಹಿಂದೆ ಗೋಡೌನು, ಮೇಲೆ ಮನೆ. ಚಿಕ್ಕಪೇಟೆ, ಮಾಮೂಲಪೇಟೆಗಳ ಕೆಲವು ಕಟ್ಟಡಗಳಲ್ಲಿ ಈ ಏರ್ಪಾಡು ಇನ್ನೂ ಗುರುತು ಸಿಗುತ್ತದೆ. ಮೇಲಿನ ಮನೆ ಮಾತ್ರ ಖಾಲಿಯಾಗಿ ಅಲ್ಲೂ ಬಟ್ಟೆಯ ಬೇಲು ತುಂಬಿದೆ.

ಬಡಾವಣೆಗಳ ಲೆಕ್ಕ ಬೇರೆ. ಚಾಮರಾಜಪೇಟೆ 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಹೆಸರಿನಲ್ಲಿ, ಕೋಟೆಯ ಪಶ್ಚಿಮಕ್ಕೆ, ನೇರ ಗೆರೆ ಎಳೆದು ಮಾಡಿದ ಬಡಾವಣೆ. ಆರು ವರ್ಷ ಕಳೆದು 1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ಸಾಗಿಸುವುದೇ ಮದ್ದೆಂದು ಸರ್ಕಾರ ತೀರ್ಮಾನಿಸಿತು. ದಕ್ಷಿಣಕ್ಕೆ ಬಸವಣ್ಣನ ಗುಡಿಯ ಸುತ್ತ ಬಸವನಗುಡಿ, ಉತ್ತರಕ್ಕೆ ಕಾಡು ಮಲ್ಲೇಶ್ವರನ ಗುಡಿಯ ಬಳಿ ಮಲ್ಲೇಶ್ವರ ಹುಟ್ಟಿದ್ದು ಹಾಗೆ. ನಕ್ಷೆ ಬರೆದವರ ತಲೆಯಲ್ಲಿ ಇದ್ದದ್ದು ಗಾಳಿ, ಬೆಳಕು, ಚರಂಡಿ. ಅಗಲ ರಸ್ತೆ, ಪ್ರತಿ ಮನೆಯ ಸುತ್ತ ಖಾಲಿ ಜಾಗ, ಮುಂದೆ ಕೈತೋಟ, ಹಿಂದೆ ಮಲ ಸಾಗಿಸುವವರಿಗೆಂದು ಕನ್ಸರ್ವೆನ್ಸಿ ಗಲ್ಲಿ. ನಿವೇಶನಗಳನ್ನು ಜಾತಿ ಸಮುದಾಯ ನೋಡಿ ಹಂಚಿದ್ದರ ಗುರುತು ಬೀದಿಗಳ ಸ್ವಭಾವದಲ್ಲಿ ಈಗಲೂ ಇದೆ. ವ್ಯಾಪಾರಕ್ಕೆಂದು ನಕ್ಷೆಯಲ್ಲಿ ದೊರೆತ ಜಾಗ ಕಮ್ಮಿ. ಆದರೆ ಸಾವಿರಾರು ಮನೆಗಳಿಗೆ ಹಾಲು, ಸೊಪ್ಪು, ಹೂವು, ಕಾಫಿಪುಡಿ ಬೇಕಲ್ಲ! ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ ಮತ್ತು ಎಂಟನೇ ಅಡ್ಡರಸ್ತೆ, ಬಸವನಗುಡಿಯಲ್ಲಿ ಗಾಂಧಿ ಬಜಾರು ಮತ್ತು ಹಿಂದೆ ನಾಗಸಂದ್ರ ರಸ್ತೆ ಎನ್ನುತ್ತಿದ್ದ ಈಗಿನ ಡಿ.ವಿ.ಜಿ. ರಸ್ತೆ, ಇವು ಮನೆಸಾಲಿನಿಂದ ಅಂಗಡಿಸಾಲಿಗೆ ಹೊರಳಿದ್ದು ಈ ಕಾರಣಕ್ಕೆ.

ಹೊರಳಿದ ಕ್ರಮವೂ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಮೊದಲಿಗೆ ಬೀದಿಬದಿಯ ಕೋಣೆಯ ಕಿಟಕಿ ಒಡೆದು ಬಾಗಿಲು ಮಾಡುತ್ತಾರೆ. ಆಮೇಲೆ ಕಾಂಪೌಂಡು ಗೋಡೆ ಕೆಡವಿ, ಕೈತೋಟವಿದ್ದ ಜಾಗದಲ್ಲಿ ಎಂಟು, ಹತ್ತು ಅಡಿ ಅಗಲದ ಮೂರು ನಾಲ್ಕು ಮಳಿಗೆಗಳ ಸಾಲು ಏಳುತ್ತದೆ. ಮನೆಯವರಿಗೆ ಒಳಗೆ ಹೋಗಲು ಎರಡು ಮಳಿಗೆಗಳ ನಡುವೆ ಒಂದು ಓಣಿ. ಗಾಂಧಿ ಬಜಾರಿನಲ್ಲಾಗಲಿ ಸಂಪಿಗೆ ರಸ್ತೆಯಲ್ಲಾಗಲಿ ಎದುರು ಬದಿಯ ಫುಟ್‌ಪಾತಿನಲ್ಲಿ ನಿಂತು ತುಸು ತಲೆಯೆತ್ತಿ ನೋಡಿದರೆ, ಮೊಬೈಲು ಅಂಗಡಿಯ ಬೋರ್ಡಿನ ಹಿಂದೆ ಹಳೆಯ ಮನೆಯ ಮಂಗಳೂರು ಹೆಂಚಿನ ಇಳಿಜಾರು ಕಾಣುತ್ತದೆ. ಅದೃಷ್ಟವಿದ್ದರೆ ಮರದ ಪಟ್ಟಿಗಳ ಚೂಪು ತಲೆಯ ಮಂಕಿ ಟಾಪೂ ಉಂಟು. ದಂಡು ಪ್ರದೇಶದ ಬಂಗಲೆಗಳಿಂದ ಬಂದ ಈ ಅಲಂಕಾರವನ್ನು ಬಸವನಗುಡಿಯ ವಕೀಲರೂ ಮಲ್ಲೇಶ್ವರದ ಮೇಷ್ಟ್ರುಗಳೂ ತಮ್ಮ ಮನೆಗೆ ಹಾಕಿಸಿಕೊಂಡರು. ಅಂಗಡಿ ಹಾಕಿದವರಿಗೆ ಅದರ ಗೊಡವೆ ಇರಲಿಲ್ಲ.

ಕಟ್ಟುವ ಸಾಮಗ್ರಿಯಲ್ಲಿ ಮನೆಗೂ ಅಂಗಡಿಗೂ ಭೇದವಿಲ್ಲ. ತಳಪಾಯಕ್ಕೆ ಬೆಂಗಳೂರಿನ ಸುತ್ತಲೇ ಸಿಗುವ ಗಟ್ಟಿ ಕಲ್ಲು, ಮೆಟ್ಟಿಲಿಗೆ ಹೊಸ್ತಿಲಿಗೆ ಚಪ್ಪಡಿ, ಗೋಡೆಗೆ ಸುಟ್ಟ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಮೇಲ್ಛಾವಣಿ ಹೆಂಚಿನದು, ಇಲ್ಲವೇ ಮದ್ರಾಸ್ ತಾರಸಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯ ಮಾದರಿ ದಕ್ಷಿಣ ಭಾರತವನ್ನೆಲ್ಲ ಆವರಿಸಿತು. ಹಗುರ, ಅಗ್ಗ, ಒಡೆದರೆ ಒಂದನ್ನೇ ಬದಲಿಸಬಹುದು. ನಡುವೆ ಒಂದು ಗಾಜಿನ ಹೆಂಚು ಹಾಕಿದರೆ ಉದ್ದನೆಯ ಅಂಗಡಿಯ ಹೊಟ್ಟೆಗೂ ಹಗಲ ಬೆಳಕು.

ಮದ್ರಾಸ್ ತಾರಸಿಯ ಕೆಲಸ ನೋಡಿದವರು ಈಗ ವಿರಳ. ಗೋಡೆಯಿಂದ ಗೋಡೆಗೆ ಮರದ ಜಂತೆಗಳನ್ನು ಹತ್ತಿರ ಹತ್ತಿರ ಇಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಚಪ್ಪಟೆಯಾಗಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲಿನಲ್ಲಿ ಸುಣ್ಣದ ಗಾರೆಯಿಂದ ಬಿಗಿಯುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ. ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿದು, ಅಳಲೆಕಾಯಿ ಮತ್ತು ಬೆಲ್ಲದ ನೀರು ಚಿಮುಕಿಸುತ್ತ, ಪದರವನ್ನು ಕಲ್ಲಿನಂತೆ ಮಾಡುತ್ತಿದ್ದರು. ಇಂಥ ತಾರಸಿ ತಂಪು. ಆದರೆ ಮಳೆಗಾಲಕ್ಕೆ ಮುಂಚೆ ವರ್ಷವರ್ಷ ಬಿರುಕು ಮುಚ್ಚಬೇಕು, ನೀರು ಹೋಗುವ ತೂತು ಕೆದಕಬೇಕು. ಎರಡು ಮೂರು ಮಳೆಗಾಲ ಉದಾಸೀನ ಮಾಡಿದರೆ ಸೂರಂಚಿನಲ್ಲಿ ಅರಳಿ ಸಸಿ ಹುಟ್ಟುತ್ತದೆ, ಜಂತೆಯ ತುದಿ ಗೋಡೆಯೊಳಗೇ ಕುಂಬಾಗುತ್ತದೆ. 20ನೇ ಶತಮಾನ ಮುಂದುವರಿದಂತೆ ಮರದ ಜಾಗಕ್ಕೆ ಕಬ್ಬಿಣದ ಗರ್ಡರು ಬಂದು, ಎರಡು ಗರ್ಡರುಗಳ ನಡುವೆ ಇಟ್ಟಿಗೆಯ ತೆಳು ಕಮಾನು ಕೂತಿತು. ಕೆಂಪು ಬಣ್ಣದ ಸಿಮೆಂಟಿನ ನೆಲವೂ ಹೆಚ್ಚುಕಮ್ಮಿ ಅದೇ ಕಾಲದ್ದು. ಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹೊಳಪು ಬಂದ ಆ ನೆಲವನ್ನು ಟೈಲ್ಸ್ ಕೆಳಗೆ ಹೂತವರೇ ಹೆಚ್ಚು.

ಹಳೆಯ ಅಂಗಡಿಯ ಅತ್ಯಂತ ಜಾಣ ಅಂಗವೆಂದರೆ ಹಲಗೆ ಬಾಗಿಲು. ಹೊಸ್ತಿಲಿನ ಕಲ್ಲಿನಲ್ಲಿ ಒಂದು ಗಾಡಿ, ಅಂದರೆ ತೋಡು, ಮೇಲಿನ ಮರದ ತೊಲೆಯಲ್ಲಿ ಇನ್ನೊಂದು ಗಾಡಿ. ಮುಕ್ಕಾಲು ಅಡಿ, ಒಂದಡಿ ಅಗಲದ ಹಲಗೆಗಳನ್ನು ಒಂದೊಂದಾಗಿ ಇವೆರಡರ ನಡುವೆ ನಿಲ್ಲಿಸಿ ಪಕ್ಕಕ್ಕೆ ಜಾರಿಸಬೇಕು. ಕೈಯಿಂದ ಕೆತ್ತಿದ ಹಲಗೆಗಳಾದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅದಕ್ಕೇ ಪ್ರತಿ ಹಲಗೆಯ ಒಳಮೈಗೆ ಬಣ್ಣದಲ್ಲಿ ಬರೆದ ಅಂಕಿ, ಅದೂ ಬಹಳ ಕಡೆ ಕನ್ನಡದ ಅಂಕಿ. ಕೊನೆಯ ಹಲಗೆಗೆ ಅಡ್ಡಪಟ್ಟಿ ಹಾಕಿ ಬೀಗ. ಹಗಲು ಹೊತ್ತಿನಲ್ಲಿ ಇವೇ ಹಲಗೆಗಳು ಎರಡು ಡಬ್ಬಗಳ ಮೇಲೆ ಮಲಗಿ ಬಾಳೆಹಣ್ಣು, ತೆಂಗಿನಕಾಯಿ ಜೋಡಿಸುವ ಮೇಜಾಗುತ್ತಿದ್ದವು. ರೋಲಿಂಗ್ ಷಟರು ಬಂದ ಮೇಲೆ ಹಲಗೆಗಳು ಸೌದೆಯಾದವು. ಕೆಲವು ಅಂಗಡಿಗಳ ಹೊಸ್ತಿಲಲ್ಲಿ ಗಾಡಿ ಮಾತ್ರ ಉಳಿದು, ಅದರಲ್ಲಿ ಮಣ್ಣು ತುಂಬಿಕೊಂಡಿದೆ.

ಮಹಡಿಗಳಿಗೆ ಬಂದವರು ಲೆಕ್ಕಪತ್ರದವರು, ವಕೀಲರು, ದರ್ಜಿಗಳು, ಸಂಗೀತದ ಮೇಷ್ಟ್ರುಗಳು. ಅಚ್ಚುಕೂಟ ಮಾತ್ರ ಎಂದೂ ಮೇಲೆ ಹೋಗಲಿಲ್ಲ. ಸೀಸದ ಮೊಳೆಗಳು ತುಂಬಿದ ಖಾನೆಗಳ ಭಾರವನ್ನೂ ಯಂತ್ರದ ಕುಲುಕಾಟವನ್ನೂ ಮದ್ರಾಸ್ ತಾರಸಿ ತಡೆಯುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತು (1915) ನೆಲೆಸಿರುವ ಚಾಮರಾಜಪೇಟೆಯ ಅಚ್ಚುಕೂಟಗಳಲ್ಲೂ ಯಂತ್ರ ನೆಲದ ಮೇಲೆ, ಮೊಳೆ ಜೋಡಿಸುವವರು ಕಿಟಕಿಯ ಬೆಳಕಿಗೆ. ಮೊಳೆಯಚ್ಚು ನಿಂತ ಮೇಲೆ ಆ ಕೋಣೆಗಳಲ್ಲಿ ಕೆಲವು ಡಿ.ಟಿ.ಪಿ. ಕೇಂದ್ರಗಳಾದವು, ಇನ್ನು ಕೆಲವು ಲಗ್ನಪತ್ರಿಕೆಯ ಅಂಗಡಿಗಳು.

ಕಟ್ಟಡದ ಒಳಗನ್ನು ನಿಜವಾಗಿ ಬದಲಿಸಿದ್ದು ಹೋಟೆಲು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದ ಅಡಿಗೆಯವರಿಗೆ ಬೇಕಿದ್ದದ್ದು ನೀರು, ಹೊಗೆ ಹೋಗಲು ದಾರಿ, ಸಾಮಾನಿಗೊಂದು ಉಗ್ರಾಣ, ಹಿಂದಿನಿಂದ ಸೌದೆ ಒಳಗೆ ತರುವ ಬಾಗಿಲು. ಬಡಾವಣೆಯ ಮನೆಯಲ್ಲಿ ಇವೆಲ್ಲ ಸಿದ್ಧವಾಗಿಯೇ ಇದ್ದವು. ಬಾವಿ ಹಿತ್ತಲಲ್ಲಿ, ಅಡಿಗೆಮನೆ ಕೊನೆಯಲ್ಲಿ, ಗಲ್ಲಿ ಹಿಂದೆ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಇದಕ್ಕೆ ಒಳ್ಳೆಯ ಉದಾಹರಣೆ. ಸಾಲಿಗ್ರಾಮದ ವೆಂಕಟರಮಣ ಉರಾಳರು 1943ರಲ್ಲಿ ಇದನ್ನು ಶುರುಮಾಡಿದಾಗ ಗಿರಾಕಿಗಳು ಆಚಾರ್ಯ ಪಾಠಶಾಲೆ, ನ್ಯಾಷನಲ್ ಹೈಸ್ಕೂಲುಗಳ ಹುಡುಗರು. 1970ರಲ್ಲಿ ಶಂಕರನಾರಾಯಣದ ರಾಮಕೃಷ್ಣ ಅಡಿಗರ ಕೈಗೆ ಬಂತು, ಈಗಲೂ ಆ ಕುಟುಂಬದ್ದೇ. ಬೀದಿಗೆ ಸಣ್ಣ ಮುಖ, ಒಳಗೆ ಸಾಲು ಮೇಜುಗಳ ಹಾಲು, ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳು, ಅದರ ಹಿಂದೆ ಅಡಿಗೆಮನೆ. ಪಂಚೆಯುಟ್ಟ ಸಪ್ಲೈಯರು ಒಂದೇ ತೋಳಿನ ಮೇಲೆ ಹತ್ತಕ್ಕೂ ಮೇಲ್ಪಟ್ಟು ದೋಸೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ಕ್ಯಾಮೆರಾ ಹಿಡಿದವರು ಸರ್ಕಸ್ಸಿನಂತೆ ನೋಡುತ್ತಾರೆ. ಅದು ಕಟ್ಟಡ ಕಲಿಸಿದ ವಿದ್ಯೆ ಎನ್ನಬೇಕು. ಕಾವಲಿಯ ಮೇಲೆ ಒಂದು ಸರದಿ ದೋಸೆ ಒಟ್ಟಿಗೇ ಏಳುತ್ತದೆ, ಅಡಿಗೆಮನೆ ಹಿಂದೆ, ಮೇಜುಗಳ ನಡುವಿನ ದಾರಿ ಕಿರಿದು. ತಟ್ಟೆಗೊಂದು ಸುತ್ತು ನಡೆದರೆ ದೋಸೆಯೂ ಆರುತ್ತದೆ, ದಾರಿಯೂ ಕಟ್ಟುತ್ತದೆ. ತಳ್ಳುಗಾಡಿ ಓಡಿಸುವಷ್ಟು ಅಗಲವಾದ ಹಾಲಿದ್ದಿದ್ದರೆ ಈ ಚಮತ್ಕಾರ ಹುಟ್ಟುತ್ತಿರಲಿಲ್ಲ.

ಅದೇ ಬಜಾರಿನ ಸುಬ್ಬಮ್ಮನ ಅಂಗಡಿ ಇನ್ನೂ ಚಿಕ್ಕದು. 1948ರಿಂದ ಹಪ್ಪಳ, ಸಂಡಿಗೆ, ಕುರುಕಲು ತಿಂಡಿ ಮಾರುವ ಇಂಥ ಅಂಗಡಿಗೆ ಗಿರಾಕಿ ಒಳಗೆ ಬರುವ ಅಗತ್ಯವೇ ಇಲ್ಲ. ಕಟ್ಟೆಯ ಈಚೆ ನಿಂತು ಕೈ ಚಾಚಿದರೆ ಆಯಿತು.

ಮಲ್ಲೇಶ್ವರದ ಸಿ.ಟಿ.ಆರ್. ಹೋಟೆಲು 1920ರ ದಶಕದ್ದು, ಮಾರ್ಗೋಸಾ ರಸ್ತೆಯ ಮೂಲೆಯಲ್ಲಿದೆ. 1990ರ ದಶಕದ ಆರಂಭದಲ್ಲಿ ಕೈ ಬದಲಾಗಿ ಶ್ರೀ ಸಾಗರ್ ಎಂಬ ಹೆಸರು ಬಂದರೂ ಜನ ಕೇಳಲಿಲ್ಲ. ಬೋರ್ಡಿನಲ್ಲಿ ಎರಡು ಹೆಸರೂ ಉಳಿದವು. ಮೂಲೆಯ ನಿವೇಶನಕ್ಕೆ ಯಾವಾಗಲೂ ಬೆಲೆ ಹೆಚ್ಚು, ಎರಡು ಬೀದಿಯ ಗಿರಾಕಿ ಕಣ್ಣಿಗೆ ಬೀಳುತ್ತಾನೆ. ಹಳೆಯ ಮೂಲೆ ಅಂಗಡಿಗಳ ಗೋಡೆಯನ್ನು ಚೂಪಾಗಿ ಬಿಡದೆ ಓರೆಯಾಗಿ ಕತ್ತರಿಸಿ ಬಾಗಿಲಿಡುತ್ತಿದ್ದದ್ದೂ ಅದಕ್ಕೇ.

ಬಸವನಗುಡಿಯ ಅಂಚಿನ ಮಾವಳ್ಳಿಯಲ್ಲಿರುವ ಎಂ.ಟಿ.ಆರ್. ಬಳಕೆಯ ಬದಲಾವಣೆಗೆ ಬೇರೆಯೇ ಬಗೆಯ ನಿದರ್ಶನ. 1924ರಲ್ಲಿ ಮಯ್ಯ ಸೋದರರು ಬ್ರಾಹ್ಮಣರ ಕಾಫಿ ಕ್ಲಬ್ ಎಂದು ಶುರುಮಾಡಿದ್ದು, 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಗಿರಾಕಿ ಅಡಿಗೆಮನೆಯನ್ನು ಕಣ್ಣಾರೆ ನೋಡಿಯೇ ಊಟದ ಕೋಣೆಗೆ ಹೋಗಬೇಕೆಂಬುದು ಯಜ್ಞನಾರಾಯಣ ಮಯ್ಯರ ನಿಯಮ. 1951ರಲ್ಲಿ ಯುರೋಪ್ ಸುತ್ತಿ ಬಂದ ಅವರಿಗೆ ಶುಚಿಯ ಗೀಳು ಹತ್ತಿತ್ತು. ಮಿಕ್ಕ ಹೋಟೆಲುಗಳು ಹಿಂದಕ್ಕೆ ಬಚ್ಚಿಟ್ಟ ಕೋಣೆಯನ್ನು ಇವರು ದಾರಿಗೇ ತಂದಿಟ್ಟರು! ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಯನ್ನು ಸರ್ಕಾರ ಕಟ್ಟಿಹಾಕಿದಾಗ 1976ರಲ್ಲಿ ಹೋಟೆಲು ಮುಚ್ಚಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ರವೆ ಇಡ್ಲಿಯಂಥ ತಿಂಡಿಗಳ ಮಿಕ್ಸು, ಮಸಾಲೆಪುಡಿ ಮಾರುವ ಕೆಲಸ ಬೆಳೆಯಿತು. 1984ರಲ್ಲಿ ಹೋಟೆಲು ಮತ್ತೆ ತೆರೆಯುವ ಹೊತ್ತಿಗೆ ಪೊಟ್ಟಣದ ವ್ಯಾಪಾರ ಊಟದ ವ್ಯಾಪಾರವನ್ನು ಮೀರಿಸುವ ಹಾದಿಯಲ್ಲಿತ್ತು.

ಅಷ್ಟರಲ್ಲಿ 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿ ಕುರ್ಚಿ ಮೇಜುಗಳನ್ನೇ ತೆಗೆದುಹಾಕಿತ್ತು. ನಿಂತು ತಿನ್ನುವ ಹೋಟೆಲಿಗೆ ಹಾಲು ಬೇಡ, ಒಂದು ಕೌಂಟರು, ಎದೆಮಟ್ಟದ ನಾಲ್ಕು ಕಂಬದ ಮೇಜು ಸಾಕು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ, ಮಲ್ಲೇಶ್ವರದ ವೀಣಾ ಸ್ಟೋರ್ಸ್ 1977ರಿಂದ ಇದನ್ನೇ ಮಾಡುತ್ತಿದ್ದವು. ಅಲ್ಲಿ ಊಟದ ಕೋಣೆಯೆಂದರೆ ಫುಟ್‌ಪಾತು. ದರ್ಶಿನಿಗಳ ನಂತರ ಮನೆಗಳ ಕಾರ್ ಷೆಡ್ಡಿಗೂ ಪೋರ್ಟಿಕೊಗೂ ಬಾಡಿಗೆಯ ಬೆಲೆ ಬಂತು.

ಮಾರುಕಟ್ಟೆಯೆಂದೇ ಕಟ್ಟಿದ ಕಟ್ಟಡಗಳೂ ಇವೆ, ಅವುಗಳ ಗತಿ ಮಾತ್ರ ಅಷ್ಟು ಸುಖದ್ದಲ್ಲ. ಚಾಮರಾಜಪೇಟೆಗೆ ತಾಗಿಕೊಂಡ ಕೃಷ್ಣರಾಜೇಂದ್ರ ಮಾರುಕಟ್ಟೆ 1921ರದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು. ಕೋಟೆಗೂ ಪೇಟೆಗೂ ನಡುವೆ ಸಿದ್ದಿಕಟ್ಟೆ ಕೆರೆಯಿದ್ದ ಜಾಗ. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನೂ ಕೋಟೆಯನ್ನೂ ಹಿಡಿದಾಗ ಕಾದಾಟ ನಡೆದ ನೆಲ. ಹಳೆಯ ಕಟ್ಟಡದ ಜೊತೆಗೆ 1990ರ ದಶಕದಲ್ಲಿ ಕಾಂಕ್ರೀಟಿನ ಬಹುಮಹಡಿ ಎದ್ದಿತು. 1999ರ ಸಿರ್ಸಿ ವೃತ್ತದ ಮೇಲ್ಸೇತುವೆ ಬಂದ ಮೇಲೆ ದೂರದಿಂದ ಕಟ್ಟಡದ ಪೂರ್ತಿ ಮುಖ ಕಾಣುವುದೇ ನಿಂತುಹೋಯಿತು. ಹೂವಿನ ವ್ಯಾಪಾರಕ್ಕೆ ಮಾತ್ರ ಇದ್ಯಾವುದರ ಲೆಕ್ಕವಿಲ್ಲ; ನಸುಕಿಗೇ ಚೆಂಡುಹೂವಿನ ಮೂಟೆ ಬಿಚ್ಚುತ್ತಾರೆ, ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಕಾಲಿಡಲು ಜಾಗವಿರುವುದಿಲ್ಲ. ಮಲ್ಲೇಶ್ವರದ ಹಳೆಯ ಮಾರುಕಟ್ಟೆಯನ್ನಂತೂ ಹೊಸ ಸಂಕೀರ್ಣಕ್ಕೆಂದು ಕೆಡವಿದರು. ಹೊಸದು ಏಳಲು ವರ್ಷಗಳೇ ಹಿಡಿದು, ವ್ಯಾಪಾರಿಗಳು ಎಂಟನೇ ಅಡ್ಡರಸ್ತೆಯ ಆಸುಪಾಸಿಗೆ ಚದುರಿದರು.

ಹತ್ತಿರದ ಮೈಸೂರು ಇನ್ನೂ ಕಠಿಣ ಪಾಠ ಕಂಡಿದೆ. ವೈಸರಾಯ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆ 1892ರಲ್ಲಿ ಕಟ್ಟಿದ, ಹಳೆಯ ಪುಸ್ತಕದಂಗಡಿಗಳಿಗೆ ಹೆಸರಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಸ್ಥಳೀಯ ಆಡಳಿತದ ಆಸ್ತಿ, ಎರಡರ ಮಳಿಗೆಗಳಲ್ಲೂ ತಲೆಮಾರುಗಳ ಬಾಡಿಗೆದಾರರು. ಯಾರ ಸ್ವಂತದ್ದೂ ಅಲ್ಲದ ಸೂರಿನ ಬಿರುಕನ್ನು ಮುಚ್ಚುವವರು ಯಾರು ಎಂಬ ಪ್ರಶ್ನೆಗೆ ಸುಣ್ಣದ ಕಟ್ಟಡ ಹೆಚ್ಚು ದಿನ ಕಾಯುವುದಿಲ್ಲ.

ಬೆಂಗಳೂರಿನ ಹಳೆಯ ಅಂಗಡಿಗಳನ್ನು ಇಷ್ಟು ಕಾಲ ಉಳಿಸಿದ್ದರಲ್ಲಿ ಪರಂಪರೆಯ ಪ್ರೀತಿಗಿಂತ ಬಾಡಿಗೆ ಕಾನೂನಿನ ಪಾತ್ರ ದೊಡ್ಡದು. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆದಾರನನ್ನು ಎಬ್ಬಿಸುವುದನ್ನು ಕಷ್ಟವಾಗಿಸಿತ್ತು. ಬಾಡಿಗೆ ಹೆಚ್ಚದ ಕಾರಣ ಮಾಲೀಕ ರಿಪೇರಿ ಮಾಡಿಸಲಿಲ್ಲ, ಬಿಟ್ಟರೆ ಮತ್ತೆ ಸಿಗದೆಂದು ಬಾಡಿಗೆದಾರ ಬಿಡಲಿಲ್ಲ. ನಡುವೆ ಕಟ್ಟಡ ಹೇಗಿತ್ತೋ ಹಾಗೇ ನಿಂತಿತು. ಇದರ ಜಾಗಕ್ಕೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಬಾಡಿಗೆ ಕಾಯಿದೆ ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರಿನೊಳಗಿನವಕ್ಕೆ, ಅಂದರೆ ಸುಮಾರು 150 ಚದರ ಅಡಿಯ ಮಳಿಗೆಗಳಿಗೆ ಮಾತ್ರ ರಕ್ಷಣೆ ಇಟ್ಟಿತು. ಬೀಗ ರಿಪೇರಿಯವನು, ಗ್ರಂಥಿಗೆ ಅಂಗಡಿಯವನು, ಬಳೆಗಾರ ಆ ಅಳತೆಯೊಳಗೆ ಬಂದರು. ದೊಡ್ಡ ಹಾಲಿನ ಹೋಟೆಲು, ಬಟ್ಟೆ ಅಂಗಡಿಗಳು ಹೊರಗುಳಿದವು. ಸ್ವಂತ ಕಟ್ಟಡವಿಲ್ಲದ ದೊಡ್ಡ ಹೋಟೆಲುಗಳಿಗೆ ಇದ್ದ ಕಾನೂನಿನ ಆಸರೆ ಅಲ್ಲಿಗೆ ಕಳಚಿತು.

ಸಿಂಗಪುರ ಹಿಡಿದ ದಾರಿ ಬೇರೆ. 1822ರಲ್ಲೇ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಅಲ್ಲಿನ ಅಂಗಡಿಮನೆಗಳ ಮುಂದೆ ನಡೆದಾಡಲು ಕಡ್ಡಾಯ ಮೊಗಸಾಲೆ ಬಿಡಿಸಿದ್ದ. 1989ರಲ್ಲಿ ಚೈನಾಟೌನ್, ಲಿಟ್ಲ್ ಇಂಡಿಯಾದಂಥ ಇಡೀ ಪ್ರದೇಶಗಳೇ ಸಂರಕ್ಷಿತವಾದವು. ಬಾಡಿಗೆ ನಿಯಂತ್ರಣವನ್ನು ಅವರು ಕೈಬಿಟ್ಟದ್ದೂ 2001ರಲ್ಲೇ, ಆದರೆ ಅಷ್ಟು ಹೊತ್ತಿಗೆ ಕಟ್ಟಡದ ಮುಖ ಕಾಯುವ ಕಾನೂನು ಜಾಗದಲ್ಲಿತ್ತು. ಕರ್ನಾಟಕದ 1961ರ ಪುರಾತನ ಸ್ಮಾರಕಗಳ ಕಾಯಿದೆಯ ಕಣ್ಣು ಗುಡಿ, ಕೋಟೆ, ಶಾಸನಗಳ ಮೇಲೆ. ದೋಸೆ ಹೋಟೆಲಾದ ಮನೆ ಅದರ ಲೆಕ್ಕಕ್ಕೆ ಬರುವುದು ಕಷ್ಟ. ಇತ್ತ 2007ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ ವಸತಿ ಬೀದಿಗಳಲ್ಲೂ ರಸ್ತೆಯ ಅಗಲ ನೋಡಿ ವ್ಯಾಪಾರಕ್ಕೆ ಅವಕಾಶ ಕೊಟ್ಟಿತು. ಅಲ್ಲಿಯವರೆಗೆ ಮುಂಬಾಗಿಲಿನಿಂದ ಒಂದೊಂದೇ ಹೆಜ್ಜೆ ಒಳಗೆ ಬರುತ್ತಿದ್ದ ಅಂಗಡಿ, ಇಡೀ ನಿವೇಶನವನ್ನೇ ಕೇಳತೊಡಗಿತು.

ಮೆಟ್ರೊ ಅದಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ಸಂಪಿಗೆ ರಸ್ತೆಯ ನಿಲ್ದಾಣ 2014ರಲ್ಲಿ, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು ನಿಲ್ದಾಣಗಳು 2017ರ ಜೂನ್‌ನಲ್ಲಿ ಶುರುವಾದವು. ಸಂಪಿಗೆ ರಸ್ತೆ ನಿಲ್ದಾಣದ ಪಕ್ಕದ ಮಂತ್ರಿ ಮಾಲ್ 2010ರಲ್ಲಿ ಎದ್ದದ್ದು ಜನ ರಾಜಾ ಮಿಲ್ ಎನ್ನುತ್ತಿದ್ದ ಬಟ್ಟೆ ಗಿರಣಿಯ ಜಾಗದಲ್ಲಿ. ಗಾಂಧಿ ಬಜಾರಿನ ರಸ್ತೆಯನ್ನು 2022-23ರಲ್ಲಿ ಅಗೆದು, ನಡೆಯುವವರಿಗೆ ಹೆಚ್ಚು ಜಾಗ ಸಿಗುವಂತೆ ಹೊಸ ಕಲ್ಲು ಹಾಸಿದರು. ಕೆಲಸ ನಡೆದಷ್ಟು ಕಾಲ ವ್ಯಾಪಾರಿಗಳು ಧೂಳು ತಿಂದರು.

ಈಗ ಹೊಸದೊಂದು ಬಳಕೆಯೂ ಶುರುವಾಗಿದೆ. ಮಲ್ಲೇಶ್ವರದ ಹಳೆಯ ಬಂಗಲೆ ವಿಲ್ಲಾ ಪೊಟ್ಟಿಪಾಟಿ ಕೆಲವು ಕಾಲ ಪಾರಂಪರಿಕ ಹೋಟೆಲಾಗಿ ನಡೆದದ್ದು ಅದರ ಮುನ್ಸೂಚನೆ. ಬಸವನಗುಡಿ, ಮಲ್ಲೇಶ್ವರಗಳ ಒಳರಸ್ತೆಗಳಲ್ಲಿ ಮಕ್ಕಳು ಪರದೇಶಕ್ಕೆ ಹೋಗಿ ಖಾಲಿಯಾದ ಮನೆಗಳನ್ನು ಬಾಡಿಗೆಗೆ ಹಿಡಿದವರು ಕೆಂಪು ನೆಲದ ಮೇಲಿನ ಟೈಲ್ಸ್ ಕಿತ್ತು, ಮಂಕಿ ಟಾಪಿಗೆ ವಾರ್ನಿಶ್ ಬಳಿದು, ಅಂಗಳದಲ್ಲಿ ಕಾಫಿ ಮಾರುತ್ತಾರೆ. ಸೀರೆಯ ಬೊಟಿಕ್ಕು, ಚಿತ್ರಪ್ರದರ್ಶನ ನಡೆಸುತ್ತಾರೆ. ಹಿಂದೆ ಅಂಗಡಿ ಹಾಕುವವನು ಮೊದಲು ಮರೆಮಾಡುತ್ತಿದ್ದದ್ದು ಮನೆಯ ಮುಖವನ್ನು. ಇವರ ಬಂಡವಾಳವೇ ಆ ಮುಖ. ಗೇಟಿನ ಪಕ್ಕದ ಬೋರ್ಡು ಚಿಕ್ಕದು, ಕಾಫಿಯ ಬೆಲೆ ಗಾಂಧಿ ಬಜಾರಿನದಕ್ಕಿಂತ ಐದಾರು ಪಟ್ಟು.